ಒಂಬತ್ತು ದಿನಗಳ ಸೂರ್ಯ

ಚಿಕ್ಚಿಪಾತಾ, ಹೌಹಾ ಪಟ್ಟಣದ ಮೇಲೆ
ಭಾನುವಾರ, ೧೧ ಆಗಸ್ಟ್ ೨೦೨೪

ಪ್ರೀತಿಯ ನೋಯೆಲಿಯಾ,

ನಿನ್ನ ಅಜ್ಜಿಯ ಆಶೀರ್ವಾದಗಳು. ಮೊದಲು ನಿನ್ನ ಕೆಮ್ಮಿನ ಸಮಾಚಾರ ಬರೆ. ಫೋನಿನಲ್ಲಿ ಕೇಳಿದಾಗಲೆಲ್ಲ "ಏನಿಲ್ಲ ಅಜ್ಜಿ, ಚೆನ್ನಾಗಿದೀನಿ" ಅನ್ನುತ್ತೀಯ, ಅಂದವಳೇ ಫೋನನ್ನು ದೂರ ಹಿಡಿದು ಕೆಮ್ಮುತ್ತೀಯ. ನನ್ನ ಕಿವಿ ಮಂದವಾಗಿರುವುದು ನಿಜ, ಆದರೆ ಅಷ್ಟೊಂದು ಮಂದವಾಗಿಲ್ಲ. ನೀನು ಓದುವ ಲಾ ಪ್ಲಾತಾದ ಚಳಿ ಒದ್ದೆ ಚಳಿ ಎಂದು ನೀನೇ ಹೇಳಿದ್ದೆ. ನಮ್ಮದು ಒಣ ಚಳಿ, ತುಟಿ ಒಡೆಯುತ್ತದೆ ಅಷ್ಟೆ, ಎದೆಗೆ ಇಳಿಯುವುದಿಲ್ಲ. ಈ ಕಟ್ಟಿನಲ್ಲಿ ಒಣಗಿಸಿದ ಮುನ್ಯಾ ಸೊಪ್ಪು ಇಟ್ಟಿದ್ದೇನೆ, ಕುದಿಸಿ ಕುಡಿ. ಗೆಳತಿಯರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ. ನನ್ನ ವಿಷಯ ಕೇಳಿದರೆ ಮಂಡಿ ನೋವು ಇದ್ದ ಹಾಗೇ ಇದೆ, ಎಡಗಣ್ಣಿನ ಪೊರೆ ಇನ್ನಷ್ಟು ಬಲಿತಿದೆ. ಕಸೂತಿಗೆ ಕೂತರೆ ಅರ್ಧ ಗಂಟೆಗೆ ಸಾಕಾಗುತ್ತದೆ. ಹುಯ್ಲಾರ್ಷ್ ಕುಣಿತದ ಹುಡುಗಿಯರಿಗೆ ಎರಡು ಲಂಗ ಹೊಲಿದುಕೊಡುತ್ತೇನೆಂದು ಒಪ್ಪಿಕೊಂಡು ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ. ನಿಮ್ಮಮ್ಮ ಗ್ಲಾಡಿಸ್ ಸಂತೆಗೆ ಹೋಗಿದ್ದಾಳೆ. ಅವಳ ಊಟದ ಅಂಗಡಿಗೆ ಭಾನುವಾರ ಉಸಿರು ಬಿಡಲೂ ಪುರುಸೊತ್ತಿಲ್ಲ, ನಾಲ್ಕು ಗಂಟೆಯ ಮೊದಲು ಬರುವುದಿಲ್ಲ. ಅಡುಗೆಮನೆಯಲ್ಲಿ ನಾನು, ಗಿನಿ ಇಲಿಗಳು, ಮತ್ತು ಈ ಪೆನ್ನು ಮಾತ್ರ. ಅದಕ್ಕೇ ಇವತ್ತು ಬರೆಯಲು ಕೂತೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ನಗುತ್ತೀಯ. ಈ ಎರಡು ತಿಂಗಳಲ್ಲಿ ಮೂರು ಸಲ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ. ಮೊದಲ ಸಲ ತಮಾಷೆಯಾಗಿ ಕೇಳಿದೆ: "ಅಜ್ಜೀ, ತೊಂಬತ್ತೊಂದರ ಫೆಬ್ರವರಿಲಿ ತಾತ ಕನ್ನಡಕ ಏನಾದ್ರೂ ಬದಲಾಯಿಸಿದ್ರಾ?" ಇಲ್ಲ ಎಂದೆ. ಎರಡನೆಯ ಸಲ ದುರ್ಬೀನು ಕೆಟ್ಟಿತ್ತೇ, ಹಾಳೆ ಸಿಕ್ಕಿಸುವ ಹಲಗೆ ವಾಲಿತ್ತೇ ಎಂದು ಕೇಳಿದೆ. ನೆನಪಿಲ್ಲ ಮಗಾ ಎಂದೆ. ಮೂರನೆಯ ಸಲ ನಿನ್ನ ದನಿಯಲ್ಲಿ ತಮಾಷೆ ಇರಲಿಲ್ಲ. "ತಾತನಿಗೆ ಆವಾಗ ಏನಾಗಿತ್ತು, ನಿಜ ಹೇಳಜ್ಜೀ" ಅಂದೆ. ಒಲೆಯ ಮೇಲೆ ಸೂಪು ಉಕ್ಕುತ್ತಿದೆ ಎಂದು ಹೇಳಿ ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಎಪ್ಪತ್ತಮೂರು ವರ್ಷದ ಹೆಂಗಸು ಮೊಮ್ಮಗಳಿಗೆ ಸೂಪಿನ ಸುಳ್ಳು ಹೇಳಿ ಪಾರಾಗುವುದಕ್ಕೆ ನನಗೇ ನಾಚಿಕೆಯಾಯಿತು. ಫೋನಿನಲ್ಲಿ ಮುಖ ಕಾಣುತ್ತದೆ, ಅದೇ ತೊಂದರೆ. ಕಾಗದಕ್ಕೆ ನನ್ನ ಮುಖ ನೋಡುವ ಹಂಗಿಲ್ಲ.

ನೀನು ಕೈಯಲ್ಲಿ ಬರೆದು ಫೋನಿಗೆ ಕಳಿಸಿದ ನಾಲ್ಕು ಪುಟಗಳನ್ನು ನಿಮ್ಮಮ್ಮ ಪಟ್ಟಣದಲ್ಲಿ ಅಚ್ಚು ಹಾಕಿಸಿ ತಂದುಕೊಟ್ಟಳು. ಭೂತಗನ್ನಡಿ ಹಿಡಿದು ಮೂರು ದಿನ ಓದಿದೆ. ನಿನ್ನ ಗೆಳತಿಯರೆಲ್ಲ ದೂರದ ಗೆಲಾಕ್ಸಿಗಳ ಹಿಂದೆ ಹೋದರೂ ನೀನು ಮನೆಯ ಸೂರ್ಯನನ್ನೇ ಹಿಡಿದುಕೊಂಡೆ ಎಂದು ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ನನಗೆ ಅರ್ಥವಾದದ್ದು ಇಷ್ಟು. ನಲವತ್ತು ವರ್ಷದಿಂದ ಸೂರ್ಯನ ಮೇಲಿನ ಕಲೆಗಳು ಕಡಿಮೆಯಾಗುತ್ತ ಬಂದಿವೆ ಎನ್ನುತ್ತಾರೆ. ಕಡಿಮೆಯಾದದ್ದು ಕಲೆಗಳೋ, ಎಣಿಸುವವರ ಕಣ್ಣೋ ಎಂಬುದು ಪ್ರಶ್ನೆ. ಎಣಿಸುವವರು ಬದಲಾಗುತ್ತಾರೆ, ದುರ್ಬೀನು ಬದಲಾಗುತ್ತದೆ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎಣಿಸುತ್ತಾರೆ. ಒಂದೇ ಜಾಗದಲ್ಲಿ, ಒಂದೇ ದುರ್ಬೀನಿನಲ್ಲಿ, ಒಂದೇ ಜೊತೆ ಕಣ್ಣು ಮೂವತ್ತೆಂಟು ವರ್ಷ ನೋಡಿದ ದಾಖಲೆ ಸಿಕ್ಕರೆ ಮಿಕ್ಕವರನ್ನೆಲ್ಲ ಅದರ ಪಕ್ಕ ಇಟ್ಟು ತೂಗಬಹುದು. ಅಂಥ ದಾಖಲೆ ನಿನ್ನ ತಾತ ಕಸಿಮೀರೊ ಲಿಮಾಯ್ಲಾ ಅವರದು, ಹನ್ನೊಂದು ಸಾವಿರ ಚಿಲ್ಲರೆ ಹಾಳೆಗಳು. ನಿನ್ನ ಥೀಸಿಸ್ ಪೂರ್ತಿ ಅದರ ಮೇಲೆ ನಿಂತಿದೆ. ಆದರೆ ೧೯೯೧ರ ಫೆಬ್ರವರಿ ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಒಂಬತ್ತು ಹಾಳೆಗಳಲ್ಲಿ ತಾತ ಕಂಡದ್ದನ್ನು ಲೋಕದಲ್ಲಿ ಇನ್ಯಾರೂ ಕಂಡಿಲ್ಲ. ಉಳಿದ ಎಲ್ಲ ದೇಶಗಳವರ ಹಾಳೆಯಲ್ಲಿ ಆ ಕಲೆಗಳ ಗುಂಪು ಮೂರನೆಯ ದಿನಕ್ಕೆ ಚದುರಿ ಮಾಯವಾಗಿದೆ. ನಮ್ಮ ಹಾಳೆಯಲ್ಲಿ ಮಾತ್ರ ದಿನಕ್ಕೆ ಎರಡು ಬೆರಳಗಲ ನಡೆಯುತ್ತ ಎಡ ಅಂಚಿನಿಂದ ಬಲ ಅಂಚಿಗೆ ಹೋಗಿದೆ. ನಿನ್ನ ಗೈಡ್ ಮೇಡಂ, "ಒಂಬತ್ತು ದಿನ ಕೂತು ಕಟ್ಟಿದವನು ಮಿಕ್ಕ ದಿನ ಕಟ್ಟಿಲ್ಲ ಅಂತ ಏನು ಗ್ಯಾರಂಟಿ? ಇವರನ್ನ ಪೂರ್ತಿ ಬಿಟ್ಟುಬಿಡು" ಎಂದಿದ್ದಾರೆ. ಅಕ್ಟೋಬರಿನೊಳಗೆ ನೀನು ಉತ್ತರ ಕೊಡಬೇಕು. ಇಲ್ಲವಾದರೆ ಮೂವತ್ತೆಂಟು ವರ್ಷವೂ ಹೋಯಿತು, ನಿನ್ನ ನಾಲ್ಕು ವರ್ಷವೂ ಹೋಯಿತು.

ನಾಲ್ಕನೆಯ ಪುಟದ ಕೊನೆಯಲ್ಲಿ ನೀನು ಬರೆದ ಸಾಲನ್ನು ಭೂತಗನ್ನಡಿಯಿಲ್ಲದೆಯೇ ಓದಿದೆ. "ಸೂರ್ಯ ಚೆಂಡು ಅಜ್ಜೀ, ತಟ್ಟೆಯಲ್ಲ. ಚೆಂಡಿನ ಅಂಚಿನಲ್ಲಿ ಕಲೆ ನಿಧಾನ ನಡೆದ ಹಾಗೆ ಕಾಣಬೇಕು, ನಡುವೆ ಬೇಗ. ಒಂಬತ್ತು ದಿನವೂ ಒಂದೇ ಅಳತೆಯಲ್ಲಿ ಯಾವ ಕಲೆಯೂ ನಡೆಯುವುದಿಲ್ಲ." ಅದರ ಕೆಳಗೆ ಏನೋ ಬರೆದು ಹೊಡೆದುಹಾಕಿದ್ದೀಯ. ಏನು ಬರೆದಿದ್ದೆಯೋ ನನಗೆ ಗೊತ್ತು. ತಾತ ಸುಳ್ಳು ಬರೆದರು ಎಂದು ನಿನಗೆ ಅನ್ನಿಸಿದೆ. ಆ ಮಾತನ್ನು ನನ್ನ ಮುಂದೆ ಆಡದೆ ಕನ್ನಡಕ, ಹಲಗೆ, ದುರ್ಬೀನು ಎಂದು ಎರಡು ತಿಂಗಳಿಂದ ನೆಪ ಹುಡುಕುತ್ತಿದ್ದೀಯ. ನಿನ್ನ ಆ ಮರ್ಯಾದೆ ನನ್ನನ್ನು ಹೆಚ್ಚು ಚುಚ್ಚಿತು.

ತಾತ ಕೆಲಸ ಮಾಡುತ್ತಿದ್ದುದನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ, ಆದರೆ ಮಕ್ಕಳು ನೋಡುವುದು ಬೇರೆ. ಬೆಳಿಗ್ಗೆ ಎಂಟು ಗಂಟೆಗೆ, ಗಾಳಿ ಏಳುವ ಮೊದಲು, ಸೂರ್ಯನನ್ನು ನೋಡುವ ಕೇಂದ್ರದ ಗುಮ್ಮಟದ ಬಾಗಿಲು ಸರಿಸುತ್ತಿದ್ದರು. ದುರ್ಬೀನಿನಿಂದ ಬಿದ್ದ ಬೆಳಕು ಹಲಗೆಯ ಮೇಲಿನ ಹಾಳೆಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಸೂರ್ಯನಾಗಿ ಕೂರುತ್ತಿತ್ತು. ಮೊದಲು ಹಲಗೆಯನ್ನು ಬೆರಳಿನಿಂದ ತಟ್ಟುವುದು. ಹಲಗೆ ನಡುಗಿದರೂ ಸೂರ್ಯನ ಜೊತೆಗೇ ಇರುವುದು ಕಲೆ, ಹಾಳೆಯ ಜೊತೆ ನಡುಗುವುದು ಧೂಳು. ಆಮೇಲೆ ಒಂದು ಬಿಳಿ ಚೀಟಿಯನ್ನು ಬೆಳಕಿನ ಮೇಲೆ ಅತ್ತಿತ್ತ ಆಡಿಸುವುದು, ತೀರಾ ತೆಳು ಕಲೆಗಳು ಆಗ ಕಣ್ಣಿಗೆ ಬೀಳುತ್ತವೆ. ಆಮೇಲೆಯೇ ಪೆನ್ಸಿಲ್. ಅಷ್ಟು ಹೊತ್ತೂ ಮಾತಿಲ್ಲ. ನಾನು ಚಹಾ ತಂದು ಹಿಂದೆ ನಿಂತರೆ "ನಿನ್ನ ಬಾಯ ಆವಿ ಗಾಜಿಗೆ ಬಡೀತಿದೆ ಯೂದೋ, ಆಚೆ ನಿಲ್ಲು" ಎನ್ನುತ್ತಿದ್ದರು. ಚಹಾ ಆರಿ ತಣ್ಣಗಾಗುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು. ಮೋಡವಿದ್ದ ದಿನವೂ ಎಂಟಕ್ಕೆ ಹೋಗಿ ಹನ್ನೆರಡರವರೆಗೆ ಕಾಯುತ್ತಿದ್ದರು. ಕಾಣದಿದ್ದರೆ ಖಾಲಿ ವೃತ್ತದ ಹಾಳೆಯ ಮೇಲೆ "ಮೋಡ" ಎಂದು ಬರೆದು ಸಹಿ ಹಾಕುತ್ತಿದ್ದರು. ನಿನ್ನೆ ಇದ್ದ ಕಲೆ ಇವತ್ತು ಇಲ್ಲಿರಬೇಕಲ್ಲ, ಅಲ್ಲೊಂದು ಚುಕ್ಕಿ ಇಟ್ಟರೇನು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಊಟದ ಮುಂದಿನಿಂದ ಎದ್ದು ಹೋಗಿದ್ದರು. "ಇರಬೇಕಾದ್ದನ್ನ ಬರೆಯೋಕೆ ನಾನ್ಯಾಕೆ ಬೇಕು, ಕ್ಯಾಲೆಂಡರ್ ಸಾಕು" ಅಂದಿದ್ದರು. ಅಂಥ ಮನುಷ್ಯನ ಮೇಲೆ ನಿನ್ನ ಮೇಡಂಗೆ ಅನುಮಾನ ಬಂದಿದೆ. ಬರುವಂತೆ ಮಾಡಿದವಳು ನಾನು.

ಆ ಒಂಬತ್ತು ದಿನ ತಾತ ಬೆಟ್ಟದ ಮೇಲೆ ಇರಲಿಲ್ಲ ಮಗಾ. ಹಾಳೆಗಳನ್ನು ಬರೆದವಳು ನಾನು. ಸಹಿ ಹಾಕಿದವಳೂ ನಾನೇ.

ಬರೆದಾಯಿತು. ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಗಿನಿ ಇಲಿಗಳಿಗೆ ಸೊಪ್ಪು ಹಾಕಿ ಬಂದೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆಗ ನಿಮ್ಮಮ್ಮನಿಗೆ ಹದಿನೇಳು ವರ್ಷ. ಟೈಪಿಂಗ್ ಕಲಿಯಲೆಂದು ಕರಾವಳಿಯ ಚಿಂಬೋತೆಯಲ್ಲಿ ತಾತನ ತಂಗಿಯ ಮನೆಯಲ್ಲಿ ಇದ್ದಳು. ನಮಗೆ ಮಳೆಗಾಲವಾದರೆ ಕರಾವಳಿಗೆ ಅದು ಬೇಸಿಗೆ, ಆ ಬೇಸಿಗೆಯಲ್ಲೇ ಅಲ್ಲಿ ಕಾಲರಾ ಎದ್ದಿತು. ಜನ ನಿಂಬೆರಸ ಹಾಕಿದ ಹಸಿ ಮೀನು ತಿನ್ನಲು ಹೆದರಿದರು, ರೇಡಿಯೋದಲ್ಲಿ ದಿನವೂ ಸತ್ತವರ ಲೆಕ್ಕ ಹೇಳುತ್ತಿದ್ದರು. ಭಾನುವಾರ ಹತ್ತನೆಯ ತಾರೀಕು, ಊಟದ ಹೊತ್ತಿಗೆ, ಕೆಳಗಿನ ಪಟ್ಟಣದ ಲಾರಿಯವನೊಬ್ಬ ಏದುಸಿರು ಬಿಡುತ್ತ ಹತ್ತಿ ಬಂದು ಹೇಳಿದ: "ದೋನ್ ಕಸಿಮೀರೊ, ನಿಮ್ಮ ತಂಗಿ ಫೋನ್ ಮಾಡಿದ್ರು. ಹುಡುಗೀನ ಆಸ್ಪತ್ರೆಗೆ ಹಾಕಿದಾರಂತೆ. ಬೇಗ ಬರಬೇಕಂತೆ." ತಾತ ತಟ್ಟೆ ಸರಿಸಿ ಎದ್ದವರು ಟೋಪಿ ಹುಡುಕಿದರು. ಟೋಪಿ ತಲೆಯ ಮೇಲೇ ಇತ್ತು. ನಾನೂ ಬರುತ್ತೇನೆ ಎಂದೆ. ಆಗ ದಾರಿಗಳಿಗೆ ಕೆಟ್ಟ ಕಾಲ. ಒಂದು ಕಡೆ ಸೈನಿಕರು ಬಸ್ಸಿನಿಂದ ಇಳಿಸಿ ಗುರುತಿನ ಚೀಟಿ ಕೇಳುತ್ತಿದ್ದರು, ಇನ್ನೊಂದು ಕಡೆ ಬಂಡುಕೋರರು ಇಳಿಸಿ ಹೆಸರು ಕೇಳುತ್ತಿದ್ದರು. "ಒಬ್ಬರು ಹೋದ್ರೆ ಒಬ್ಬರಾದ್ರೂ ಉಳೀತೀವಿ" ಅಂದರು ತಾತ. ಹೋಗುವ ಮುಂಚೆ ಗುಮ್ಮಟದ ಬೀಗದಕೈ ನನ್ನ ಕೈಗೆ ಕೊಟ್ಟು, "ದಿನಾ ಮೋಡ ಅಂತ ಬರೆದಿಡು. ನಾನು ಬಂದು ಕಚೇರಿಗೆ ಹೇಳ್ಕೋತೀನಿ" ಎಂದಷ್ಟೇ ಹೇಳಿದರು.

ಮೋಡ ಎಂದೇ ಬರೆದಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ. ಆದರೆ ಜನವರಿಯಲ್ಲಿ ಲೀಮಾದ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ತಿಂಗಳಲ್ಲಿ ಹತ್ತಕ್ಕಿಂತ ಹೆಚ್ಚು ಖಾಲಿ ಹಾಳೆ ಬಂದ ಕೇಂದ್ರಗಳಿಗೆ ತನಿಖೆ, ಸರಿಯಾದ ಕಾರಣ ಸಿಗದಿದ್ದರೆ ಕೇಂದ್ರವನ್ನೇ ಮುಚ್ಚುವುದು. ಫೆಬ್ರವರಿ ಎಂದರೆ ನಮ್ಮಲ್ಲಿ ಮಳೆಗಾಲ, ಯಾರಿಗೆ ಗೊತ್ತಿಲ್ಲ. ಲೀಮಾದವರ ತಲೆಯ ಮೇಲೆ ವರ್ಷದಲ್ಲಿ ಅರ್ಧ ಬೂದು ಆಕಾಶವೇ ಇರುತ್ತದೆ, ಆದರೂ ನಮ್ಮ ಮೋಡವನ್ನು ಅವರು ನಂಬುತ್ತಿರಲಿಲ್ಲ. ಆ ತಿಂಗಳು ಆಗಲೇ ಏಳು ಹಾಳೆ ಖಾಲಿ ಹೋಗಿತ್ತು. ಇನ್ನೂ ನಾಲ್ಕು ಖಾಲಿ ಹೋದರೆ ತನಿಖೆಯವರು ಬರುತ್ತಾರೆ, ಬಂದರೆ ಗುಮ್ಮಟಕ್ಕೆ ಬೀಗ, ತಾತ ರಜೆಯಿಲ್ಲದೆ ನಾಪತ್ತೆ. ಒಬ್ಬನೇ ನೌಕರನ ಕೇಂದ್ರದಲ್ಲಿ ರಜೆ ಎಂಬ ಮಾತೇ ಇರಲಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು, ಆಗ ನಾವಿದ್ದದ್ದು ಕೇಂದ್ರದ ಮನೆ. ಇದನ್ನೆಲ್ಲ ತಾತನ ತಲೆಗೆ ಹಾಕುವ ಹೊತ್ತು ಅದಾಗಿರಲಿಲ್ಲ. ನಾನೇ ತಲೆಗೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹತ್ತೊಂಬತ್ತು ವರ್ಷ ಅವರ ಹಿಂದೆ ಚಹಾ ಹಿಡಿದು ನಿಂತು ಕಲಿತದ್ದು ಕೈಗೆ ಬಂತು. ಹಲಗೆ ತಟ್ಟಿದೆ, ಚೀಟಿ ಆಡಿಸಿದೆ. ಎಡ ಅಂಚಿನ ಹತ್ತಿರ ಒಂದು ದೊಡ್ಡ ಕಲೆ, ಅದರ ಹಿಂದೆ ಎರಡು ಮರಿಗಳು, ದುಂಬಿಯ ಸಂಸಾರದಂತೆ. ಕಂಡದ್ದನ್ನು ಕಂಡ ಹಾಗೆ ಬರೆದೆ. ಮೊದಲ ದಿನದ ಹಾಳೆ ಮಾತ್ರ ಎಲ್ಲ ದೇಶಗಳವರ ಹಾಳೆಗೂ ಸರಿಹೋಗುತ್ತದೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿದಾಗ ಇಷ್ಟು ಸಂಕಟದ ನಡುವೆಯೂ ಸ್ವಲ್ಪ ಖುಷಿಯಾಯಿತು. ಮಂಗಳವಾರದಿಂದ ಮೋಡ ಕವಿಯಿತು. ಎಂಟು ದಿನ ಬೆಟ್ಟವೇ ಕಾಣಲಿಲ್ಲ. ಕೆಳಗೆ ಕಾರ್ನಿವಲ್ಲಿನ ಬ್ಯಾಂಡು ಬಾರಿಸುತ್ತಿತ್ತು, ಮರ ನೆಟ್ಟು ಸುತ್ತ ಕುಣಿದು ಕಡಿಯುವ ಗಲಾಟೆ ಮಂಜಿನೊಳಗಿಂದ ಕೇಳುತ್ತಿತ್ತು. ನಾನು ಗುಮ್ಮಟದೊಳಗೆ ಖಾಲಿ ವೃತ್ತದ ಮುಂದೆ ಕೂತು, ಮಗಳು ಬದುಕಿದ್ದಾಳೋ ಇಲ್ಲವೋ ತಿಳಿಯದೆ, ಆ ದುಂಬಿಯನ್ನು ಮುಂದಕ್ಕೆ ನಡೆಸಿದೆ. "ದಿನಕ್ಕೆ ಎರಡು ಬೆರಳು ನಡೀತಾನೆ ಇವನು" ಎಂದು ತಾತ ಹೇಳುವುದನ್ನು ಕೇಳಿದ್ದೆ. ಅವರು ಅದನ್ನು ನಡುವಿನ ಕಲೆಗಳಿಗೆ ಹೇಳುತ್ತಿದ್ದರು ಎಂದು ನನಗೇನು ಗೊತ್ತು. ಎರಡು ಬೆರಳಿಟ್ಟು ಗುರುತು ಮಾಡಿದೆ, ಮಾರನೆಯ ದಿನ ಮತ್ತೆ ಎರಡು ಬೆರಳು. ಕಸೂತಿಯವಳ ಕೈ ಅದು ಮಗಾ. ಲಂಗದ ಅಂಚಿನಲ್ಲಿ ಒಂದು ಹೂವಿಗೂ ಇನ್ನೊಂದು ಹೂವಿಗೂ ನೂಲೆಳೆಯಷ್ಟು ಅಂತರ ಹೆಚ್ಚಾದರೆ ಬಿಚ್ಚಿ ಮತ್ತೆ ಹೊಲಿದು ಬೆಳೆದ ಕೈ. ಸಮವಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದುಕೊಂಡಿದ್ದೆ. ಮೂವತ್ತಮೂರು ವರ್ಷದ ಮೇಲೆ ನನ್ನ ಮೊಮ್ಮಗಳು ಹಿಡಿದದ್ದು ಅದನ್ನೇ.

ಹಾಳೆಗಳು ಮಂಗಳವಾರ ಮಧ್ಯಾಹ್ನದ ಲಾರಿಯಲ್ಲಿ ಲೀಮಾಕ್ಕೆ ಹೋಗುತ್ತಿದ್ದವು. ಹತ್ತೊಂಬತ್ತನೆಯ ತಾರೀಕು ಕೊನೆಯ ಕಟ್ಟು ಕೊಟ್ಟುಕಳಿಸಿದೆ. ಅದೇ ಸಂಜೆ ತಾತ ನಿಮ್ಮಮ್ಮನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೆಟ್ಟ ಹತ್ತಿ ಬಂದರು. ಹುಡುಗಿ ಅರ್ಧವಾಗಿದ್ದಳು, ಆದರೆ ಬದುಕಿದ್ದಳು. ಆಸ್ಪತ್ರೆಯಲ್ಲಿ ಮಂಚ ಸಾಲದೆ ನೆಲದ ಮೇಲೆ ಮಲಗಿಸಿದ್ದರಂತೆ. ತಾತ ಏಳು ದಿನ ಪಕ್ಕದಲ್ಲಿ ಕೂತು ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಹಾಕಿದ್ದರಂತೆ. "ದಾದಿಯರು ಒಳ್ಳೇವ್ರು, ಆದ್ರೆ ಒಬ್ಬೊಬ್ಬಳಿಗೆ ಅರವತ್ತು ಜನ" ಅಂದರು. ಅವರು ಹೋಗದಿದ್ದರೆ ನಿಮ್ಮಮ್ಮ ಇರುತ್ತಿರಲಿಲ್ಲ. ನೀನೂ ಇರುತ್ತಿರಲಿಲ್ಲ. ಇದನ್ನು ನನ್ನ ತಪ್ಪಿಗೆ ಮುಚ್ಚಳ ಹಾಕಲು ಹೇಳುತ್ತಿಲ್ಲ. ಅವರು ಯಾಕೆ ಹೋದರೆಂದು ನಿನ್ನ ಮೇಡಂಗೆ ಹೇಳಬೇಕಾದೀತು, ಅದಕ್ಕೆ ಹೇಳಿದೆ. ಮಾರನೆಯ ಬೆಳಿಗ್ಗೆ ಮೋಡ ಹರಿಯಿತು. ತಾತ ಗುಮ್ಮಟಕ್ಕೆ ಹೋದರು. ನನ್ನ ದುಂಬಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯಿಂದ ಕಾರ್ಬನ್ ಪ್ರತಿಗಳನ್ನು ತೆಗೆದು ಒಂದೊಂದೇ ನೋಡಿದರು. ಹೊರಗೆ ಕಲ್ಲುಗೋಡೆಯ ಮೇಲೆ ಹೋಗಿ ಕೂತರು. ಚಹಾ ಕೊಟ್ಟರೆ ಕುಡಿದರು. ಅಲ್ಲಿಗೆ ಆ ಮಾತು ನಿಲ್ಲಿಸುತ್ತೇನೆ.

ಈಗ ಮೇ ತಿಂಗಳಲ್ಲಿ ಸೂರ್ಯ ಕೆರಳಿದನೆಂದು ರೇಡಿಯೋದಲ್ಲಿ ದೊಡ್ಡ ಸುದ್ದಿಯಾಯಿತಲ್ಲ, ಆಗ ಬೀದಿಯ ಹೆಂಗಸರೆಲ್ಲ ನನ್ನ ಬಳಿ ಬಂದು ಕೋಳಿ ಮೊಟ್ಟೆ ಇಡದಿರುವುದು ಅದಕ್ಕೇನಾ ಎಂದು ಕೇಳಿದರು. ನಿಮ್ಮಮ್ಮನೂ "ನಿನ್ನ ಸೂರ್ಯನಿಗೆ ಸ್ವಲ್ಪ ಹೇಳಮ್ಮಾ, ನೆಟ್‌ವರ್ಕೇ ಬರ್ತಿಲ್ಲ" ಎಂದು ರೇಗಿಸಿದಳು. ನಗಬೇಕಾಗಿತ್ತು, ನಗು ಬರಲಿಲ್ಲ. ಸೂರ್ಯನ ಹೆಸರೆತ್ತಿದರೇ ದಣಿವಾಗುತ್ತದೆ. ತಾತ ಹೋದ ಮೇಲೆ ಎಂಟು ವರ್ಷದಲ್ಲಿ ಒಮ್ಮೆಯೂ ಗುಮ್ಮಟದ ಕಡೆ ನಡೆದಿಲ್ಲ. ಮಂಡಿ ನೋವೆಂದು ಎಲ್ಲರಿಗೂ ಹೇಳಿದ್ದೇನೆ. ಸಂತೆಗೆ ಹೋಗಲು ಆ ಮಂಡಿಯೇ ಸಾಕಾಗುತ್ತದೆ ಎಂಬುದನ್ನು ಯಾರೂ ಗಮನಿಸಿಲ್ಲ.

ನಿನ್ನ ಮೇಡಂಗೆ ಹೀಗೆ ಹೇಳು. ಫೆಬ್ರವರಿ ಹನ್ನೆರಡರಿಂದ ಹತ್ತೊಂಬತ್ತರವರೆಗಿನ ಎಂಟು ಹಾಳೆ ಸುಳ್ಳು, ಹನ್ನೊಂದರದು ನಿಜ, ಆದರೆ ನೋಡಿದ ಕಣ್ಣು ಬೇರೆ. ಅವನ್ನು ತೆಗೆದುಹಾಕಲಿ, ಮಿಕ್ಕದ್ದನ್ನು ಇಟ್ಟುಕೊಳ್ಳಲಿ. ಪ್ರತಿಗಳನ್ನು ಈ ಕಟ್ಟಿನಲ್ಲೇ ಕಳಿಸಿದ್ದೇನೆ. ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡು. ತಾತನ ಕೈ ಕೊನೆಯ ಅಕ್ಷರವನ್ನು ಒರಟಾಗಿ ಎಳೆದು ಬಿಡುತ್ತದೆ, ನನ್ನದು ಸುತ್ತಿ ಮುಗಿಸುತ್ತದೆ. ಮೇಡಂ ನಂಬದಿರಬಹುದು. ಸತ್ತ ಗಂಡನ ಮರ್ಯಾದೆ ಉಳಿಸಲು ಮುದುಕಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು ಎನ್ನಬಹುದು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಹೆಂಡತಿ ಬರೆದ ಸುಳ್ಳನ್ನು ಗಂಡ ಬಂದ ಮೇಲಾದರೂ ತಿದ್ದಲಿಲ್ಲವಲ್ಲ ಎಂದೂ ಕೇಳಬಹುದು. ಅದಕ್ಕೆ ಏನು ಹೇಳುವುದೋ ಯೋಚಿಸುತ್ತಿದ್ದೇನೆ. ಬೆಳಗಿನಿಂದ ಬರೆದು ಬೆನ್ನು ಹಿಡಿದುಕೊಂಡಿದೆ, ತಲೆ ಓಡುತ್ತಿಲ್ಲ.

ಬಿಸಿನೀರು ಕುಡಿ. ಕತ್ತಿಗೆ ಏನಾದರೂ ಸುತ್ತಿಕೋ. ನಿನ್ನ ರೂಮಿನ ಹುಡುಗಿಯನ್ನು ಕೇಳಿದೆನೆಂದು ಹೇಳು. ಮೇಡಂಗೆ ನನ್ನ ನಮಸ್ಕಾರ ತಿಳಿಸು, ಅವರು ಕಠಿಣವಾಗಿರುವುದು ಸರಿಯೇ, ನಿನ್ನ ತಾತನಿಗೆ ಅಂಥವರೇ ಇಷ್ಟವಾಗುತ್ತಿದ್ದರು. ಕನ್ನಿಕೆ ಮಾತೆ ನಿನ್ನನ್ನು ಕಾಪಾಡಲಿ, ನಿನ್ನ ಓದು ದಡ ಸೇರಲಿ.

ನಿನ್ನ ಅಜ್ಜಿ,
ಯೂದೋಸಿಯಾ ಪೋಮಾ, ಲಿಮಾಯ್ಲಾ ಅವರ ವಿಧವೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕಟ್ಟು ತೆಗೆದುಕೊಂಡು ಹೋಗುವ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಅವಳ ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ತಾತ ತಿದ್ದಲಿಲ್ಲ ಎಂದು ಯಾರೂ ಅನ್ನಬಾರದು. ಅವರು ಗೋಡೆಯ ಮೇಲಿಂದ ಎದ್ದು ಬಂದು ಅವತ್ತೇ ಕಚೇರಿಗೆ ಕಾಗದ ಬರೆದರು. ಅಂಟಿಸುವ ಮೊದಲು ನನಗೆ ಓದಿ ಹೇಳಿದರು. ಅದರಲ್ಲಿ, "ಒಂಬತ್ತು ದಿನ ನಾನು ಅಪ್ಪಣೆಯಿಲ್ಲದೆ ಸ್ಥಳ ಬಿಟ್ಟಿದ್ದೆ, ಆ ದಿನಗಳ ಹಾಳೆಗಳು ನಾನು ನೋಡಿ ಬರೆದವಲ್ಲ, ದಯವಿಟ್ಟು ತೆಗೆದುಹಾಕಿ, ನನ್ನ ಮೇಲೆ ಏನು ಕ್ರಮ ಕೈಗೊಂಡರೂ ಒಪ್ಪಿಗೆ" ಎಂದಿತ್ತು. ನನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ. "ಅಂಚೆಗೆ ಹಾಕಿ ಬಾ ಯೂದೋ" ಎಂದು ಕೈಗೆ ಕೊಟ್ಟರು. ನಾನು ಪಟ್ಟಣಕ್ಕೆ ಇಳಿದು ಅಂಚೆ ಕಚೇರಿಯ ಮೆಟ್ಟಿಲವರೆಗೆ ಹೋದೆ. ಗ್ಲಾಡಿಸ್ ಇನ್ನೂ ಎದ್ದು ನಿಲ್ಲಲಾರದೆ ಇದ್ದಳು, ಎಲ್ಲಿಗೆ ಹೋಗುವುದು ನಾವು. ತಿರುಗಿ ಬಂದು, ಹಾಕಿದೆ ಎಂದೆ. ಅವರು ವರ್ಷಗಟ್ಟಲೆ ಉತ್ತರ ಕಾದರು. ಬರಲಿಲ್ಲ. ಸಾಯುವ ವಾರ ಕೂಡ, "ಕಚೇರಿಯವರು ದೊಡ್ಡ ಮನಸ್ಸಿನವರು ಯೂದೋ, ಒಂದು ಮಾತೂ ಬೈಲಿಲ್ಲ" ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಹಾಳೆಗಳ ಕೆಳಗೆ ಆ ಲಕೋಟೆ ಇದೆ. ಈಗ ಚಲಾವಣೆಯಲ್ಲಿಲ್ಲದ 'ಇಂತಿ' ಎಂಬ ಹಳೆಯ ನೋಟಿನ ಕಾಲದ ಅಂಚೆಚೀಟಿ, ಅವರ ಕೈಬರಹ, ಅಂಟಿಸಿದ್ದು ಅಂಟಿಸಿದ ಹಾಗೇ ಇದೆ. ನೀನು ಒಡೆಯಬೇಡ, ಮೇಡಂ ಕೈಗೆ ಕೊಟ್ಟು ಅವರಿಂದಲೇ ಒಡೆಸು. ತಾತ ಹಾಕಿ ಬಾ ಎಂದದ್ದನ್ನು ಇವತ್ತು ಹಾಕುತ್ತಿದ್ದೇನೆ.